ಔಷಧಕ್ಕೆ ಬಗ್ಗದ ಟಿಬಿ: ಹೊಸ ಚಿಕಿತ್ಸೆ ಬಗ್ಗೆ ಸ್ಪಷ್ಟನೆ

‘ಔಷಧಕ್ಕೆ ಬಗ್ಗದ ಟಿಬಿಗೂ ಹೊಸ ಮಾತ್ರೆ ಬಂದಿದೆ, ಕೆಮ್ಮು ನಿಂತರೆ ಬಿಡಬಹುದು’ ಎಂಬ ಸಂದೇಶ ಮಂಗಳೂರು, ಉಡುಪಿಯ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಮೊದಲರ್ಧ ನಿಜ, ಎರಡನೆಯದು ಅಪಾಯಕಾರಿ ಸುಳ್ಳು.

ಸಾಮಾನ್ಯ ಔಷಧಗಳಿಗೆ ಬಗ್ಗದ ಟಿಬಿಗೆ 2024ರಲ್ಲಿ ಕೇಂದ್ರ ಸರ್ಕಾರ ಒಪ್ಪಿದ ಬಿಪಾಲ್ಎಂ ಎಂಬ ಚಿಕಿತ್ಸೆಯಲ್ಲಿ ನಾಲ್ಕು ಔಷಧಗಳಿವೆ: ಬೆಡಾಕ್ವಿಲಿನ್, ಪ್ರೆಟೊಮಾನಿಡ್, ಲಿನೆಜೊಲಿಡ್, ಮಾಕ್ಸಿಫ್ಲಾಕ್ಸಾಸಿನ್. 20 ತಿಂಗಳವರೆಗೆ ಎಳೆಯುತ್ತಿದ್ದ ಚಿಕಿತ್ಸೆ 6 ತಿಂಗಳಿಗೆ ಇಳಿದಿದೆ, ನಿಜಕ್ಕೂ ದೊಡ್ಡ ಸಮಾಧಾನ. ಆದರೆ ಆ 6 ತಿಂಗಳು ಪೂರ್ತಿ ಆಗಲೇಬೇಕು. ಕೆಮ್ಮು ಮೊದಲೇ ನಿಲ್ಲುತ್ತದೆ, ರೋಗಾಣು ಒಳಗೇ ಉಳಿದಿರುತ್ತದೆ. ನಡುವೆ ಬಿಟ್ಟರೆ ಅದು ಈ ಔಷಧಗಳಿಗೂ ಬಗ್ಗದಂತಾಗಬಹುದು.

ಲಿನೆಜೊಲಿಡ್‌ನಿಂದ ಪಾದ ಜೋಮು ಹಿಡಿಯಬಹುದು, ದೃಷ್ಟಿ ಮಂಜಾಗಬಹುದು, ರಕ್ತ ಕಡಿಮೆಯಾಗಬಹುದು. ಕೂಡಲೇ ವೈದ್ಯರಿಗೆ ಹೇಳಿ, ಅಗತ್ಯವಿದ್ದರೆ ಅವರು ಪ್ರಮಾಣ ಬದಲಿಸುತ್ತಾರೆ, ನೀವಾಗಿ ನಿಲ್ಲಿಸಬೇಡಿ. ಬೆಡಾಕ್ವಿಲಿನ್‌ನಿಂದ ಹೃದಯಬಡಿತದ ಲಯ ತಪ್ಪಬಹುದಾದ್ದರಿಂದ ಇಸಿಜಿ ತಪ್ಪಿಸುವಂತಿಲ್ಲ. ಗರ್ಭಿಣಿಯರಿಗೆ ಈ ಚಿಕಿತ್ಸೆ ಕೊಡುವುದಿಲ್ಲ. ಸರ್ಕಾರಿ ಕ್ಷಯರೋಗ ಕಾರ್ಯಕ್ರಮದಲ್ಲಿ ಔಷಧ ಉಚಿತ.