ಹೋದ ಪುಟ್ಟ, ಬಂದ ಪುಟ್ಟ

ನಮ್ಮ ಮೇಲಿನ ಮನೆಯ ಹುಡುಗ ಸಿಂಹವನ್ನು ಉಳಿಸಿ ಬಂದಿದ್ದಾನೆ. ಫೋಟೋ ನೀವೂ ನೋಡಿರುತ್ತೀರಿ. ಇವನದಲ್ಲದಿದ್ದರೆ ಇಂಥವನೇ ಇನ್ನೊಬ್ಬನದು. ಖಾಕಿ ಚಡ್ಡಿ, ಅಗಲ ಟೋಪಿ, ತೊಡೆಯ ಮೇಲೆ ಸಿಂಹದ ಮರಿ, ಮರಿಯ ಬಾಯಲ್ಲಿ ಹಾಲಿನ ಬಾಟಲಿ. ಕೆಳಗೆ ‘ಅನಾಥ ಮರಿಗೆ ಅಮ್ಮನಾದೆ’ ಅಂತ ಒಂದು ಸಾಲು. ದಕ್ಷಿಣ ಆಫ್ರಿಕಾದಲ್ಲಿ ಎರಡು ವಾರ ವನ್ಯಜೀವಿ ಸೇವೆ. ಹುಡುಗ ಓದುತ್ತಿರುವುದು ಇಂಜಿನಿಯರಿಂಗ್ ಎರಡನೇ ವರ್ಷ. ಮರಿಗೆ ಇವನೇ ‘ಪುಟ್ಟ’ ಅಂತ ಹೆಸರಿಟ್ಟನಂತೆ. ಆಫ್ರಿಕಾದ ಸಿಂಹಕ್ಕೆ ಅಚ್ಚಗನ್ನಡ ಹೆಸರು. ನವೆಂಬರ್ ಬರಲಿ, ಯಾರಾದರೂ ಕರೆದು ಶಾಲು ಹೊದಿಸಬೇಕು.

ಅವರಮ್ಮ ಮೈಸೂರು ಪಾಕ್ ತಂದುಕೊಟ್ಟರು. ‘ಎರಡೂವರೆ ಲಕ್ಷ ಆಯ್ತು ನೋಡಿ, ಟಿಕೆಟ್ ಬೇರೆ. ಬೆಳಿಗ್ಗೆ ಆರಕ್ಕೇ ಎಬ್ಬಿಸಿ ಬೋನು ತೊಳೆಸ್ತಿದ್ರಂತೆ. ಇಲ್ಲಿ ಉಂಡ ತಟ್ಟೆ ಎತ್ತಲ್ಲ!’ ಅಂದರು. ದೂರೋ ಹೆಮ್ಮೆಯೋ ಗೊತ್ತಾಗಲಿಲ್ಲ. ಮೈಸೂರು ಪಾಕ್ ಚೆನ್ನಾಗಿತ್ತು.

ದುಡ್ಡು ಕೊಟ್ಟು ಗಲೀಜು ಬಾಚುವ ಈ ಐಡಿಯಾ ನಮ್ಮಜ್ಜಿಗೆ ಹೊಳೆಯಲಿಲ್ಲವಲ್ಲ ಅಂತ ನನಗೆ ಹೊಟ್ಟೆ ಉರಿಯಿತು. ಕೊಟ್ಟಿಗೆಯಲ್ಲಿ ಆರು ದನ ಇದ್ದವು. ಬೇಸಿಗೆ ರಜೆಯಲ್ಲಿ ಮೊಮ್ಮಕ್ಕಳು ಹನ್ನೊಂದು ಜನ. ಸಗಣಿ ಬಾಚಿ ತಿಪ್ಪೆಗೆ ಹಾಕಿ, ಗಂಜಲ ತೊಳೆದು, ಹುಲ್ಲು ಹಾಕಿದ ಮೇಲೇ ರೊಟ್ಟಿ. ಒಬ್ಬನಿಗೂ ಸರ್ಟಿಫಿಕೇಟ್ ಕೊಡಲಿಲ್ಲ ಪುಣ್ಯಾತ್ಗಿತ್ತಿ. ಒಂದು ರಾತ್ರಿ ಗೌರಿಗೆ ಕರು ಅಡ್ಡ ಬಂದಿತ್ತು. ಪಶು ಆಸ್ಪತ್ರೆಗೆ ಬೀಗ. ಅಜ್ಜಿ ಮೊಣಕೈವರೆಗೂ ಹರಳೆಣ್ಣೆ ಹಚ್ಚಿಕೊಂಡು ಕೂತಳು. ನಾನು ಲಾಟೀನು ಹಿಡಿದಿದ್ದೆ. ಕರು ಹೊರಗೆ ಬಿತ್ತು, ಮೂಗು ಒರೆಸಿದಳು, ಬೆಳಗಿನ ಜಾವ ಮಾಸು ಬಿತ್ತು. ಗಿಣ್ಣು ಮೊದಲು ಕರು ಕುಡಿಯಬೇಕು, ಉಳಿದದ್ದು ನಮಗೆ. ಅದರ ಬಗ್ಗೆ ಅಜ್ಜಿ ಕಟ್ಟುನಿಟ್ಟು.

ಅಜ್ಜಿಯೇನು ದೇವತೆಯಲ್ಲ. ಮುಂದೊಂದು ಸಲ ಕರು ಸತ್ತಾಗ ಅದರ ತೊಗಲಿಗೆ ಹುಲ್ಲು ತುಂಬಿಸಿ ಹಸುವಿನ ಮುಂದೆ ನಿಲ್ಲಿಸಿದ್ದಳು. ಗೌರಿ ಅದನ್ನು ನೆಕ್ಕುತ್ತಾ ನೆಕ್ಕುತ್ತಾ ಹಾಲು ಇಳಿಸುತ್ತಿತ್ತು. ಮೋಸ, ಅನುಮಾನವೇ ಇಲ್ಲ. ಆದರೆ ಅದಕ್ಕೆ ‘ಗೋ ಸಂರಕ್ಷಣಾ ಯೋಜನೆ’ ಅಂತ ಬೋರ್ಡು ಹಾಕಿ, ವಿದೇಶದಿಂದ ಜನ ಕರೆಸಿ, ಕರು ನೆಕ್ಕಿಸೋಕೆ ಇಷ್ಟು ಅಂತ ಅಜ್ಜಿ ವಸೂಲಿ ಮಾಡಲಿಲ್ಲ.

ಎಲ್ಲಿದ್ದೆ? ಹಾಂ, ಪುಟ್ಟ.

ಹುಡುಗ ಫೋನ್ ತಂದು ವಿಡಿಯೋ ತೋರಿಸಿದ. ಮರಿ ನಮ್ಮ ರೇಷನ್ ಅಂಗಡಿ ಬೆಕ್ಕಿಗಿಂತ ಸ್ವಲ್ಪ ದಪ್ಪ. ಹಿಂಗಾಲು ಇನ್ನೂ ನೆಟ್ಟಗೆ ನಿಲ್ಲುತ್ತಿರಲಿಲ್ಲ. ಬಾಟಲಿ ಹೀರುವಾಗ ಮುಂದಿನ ಎರಡು ಪಾದಗಳಿಂದ ಹುಡುಗನ ಮಣಿಕಟ್ಟನ್ನು ಒತ್ತುತ್ತಿತ್ತು, ಹಿಟ್ಟು ನಾದಿದ ಹಾಗೆ. ತಾಯಿಯ ಹೊಟ್ಟೆ ಹಾಗೆ ಒತ್ತಿದರೆ ಹಾಲು ಇಳಿಯುತ್ತದೆ. ಇಲ್ಲಿ ಸಿಕ್ಕಿದ್ದು ಸ್ಮಾರ್ಟ್ ವಾಚು.

‘ಇದರಮ್ಮ?’ ಅಂದೆ.

‘ಸತ್ತೋಯ್ತಂತೆ ಅಂಕಲ್.’

‘ಇನ್ನೂ ಮರಿಗಳಿದ್ವಾ?’

‘ಒಂಬತ್ತಿದ್ವು. ಎಲ್ಲಾ ಅನಾಥ. ಪಾಪ.’

‘ಅಷ್ಟೂ ತಾಯಂದಿರು ಒಟ್ಟಿಗೇ ಸತ್ತವಾ? ಪ್ಲೇಗ್ ಗೀಗ್ ಬಂದಿತ್ತಾ?’

ಹುಡುಗ ಯೋಚನೆಗೆ ಬಿದ್ದ. ಅಷ್ಟರಲ್ಲಿ ವಿಡಿಯೋದಲ್ಲಿ ಎಲ್ಲೋ ಹಿಂದಿನಿಂದ ಹೂಂ... ಹೂಂ... ಅಂತ ಒಂದು ದನಿ. ಏನಪ್ಪಾ ಅದು ಅಂದೆ. ‘ಅದು ಪಕ್ಕದ ಬೇಲಿ ಅಂಕಲ್. ದೊಡ್ಡ ಹೆಣ್ಣು ಸಿಂಹಗಳಿರ್ತವೆ. ದಿನವಿಡೀ ಹೀಗೇ. ಡಿಸ್ಟರ್ಬ್ ಆಗುತ್ತೆ ಅಂತ ರೀಲಿಗೆ ಹಾಡು ಹಾಕಿಬಿಟ್ಟೆ.’

ಅಲ್ಲಿನ ಸಿಂಹದ ವ್ಯಾಪಾರ ಗೊತ್ತಿಲ್ಲದವರು ಯಾರೂ ಉಳಿದಿಲ್ಲ ಅಂದುಕೊಂಡಿದ್ದೆ. 1997ರಲ್ಲೇ ಬ್ರಿಟನ್ನಿನ ಟಿವಿಯವರು ತೋರಿಸಿದ್ದರು. ದಕ್ಷಿಣ ಆಫ್ರಿಕಾದಲ್ಲಿ ಬೇಲಿಯೊಳಗೆ ಸಾಕಿದ ಸಿಂಹಗಳು ಸುಮಾರು 8,000. ಕಾಡಿನಲ್ಲಿ ಇರುವುದು ಅದರ ಅರ್ಧವೂ ಇಲ್ಲ. ಇಂಥ ಜಾಗಗಳು 300ಕ್ಕೂ ಜಾಸ್ತಿ. ಕಾಡಿನ ಸಿಂಹಿಣಿ ಮರಿಗಳನ್ನು ಎರಡು ವರ್ಷದ ತನಕ ಜೊತೆಯಲ್ಲಿಟ್ಟುಕೊಳ್ಳುತ್ತದೆ. ಆಮೇಲೇ ಮುಂದಿನ ಬಾಣಂತನ. ವ್ಯಾಪಾರಿಗೆ ಎರಡು ವರ್ಷ ಕಾಯೋಕೆ ಆಗುತ್ತಾ? ಹುಟ್ಟಿದ ಕೆಲವೇ ದಿನಕ್ಕೆ ಮರಿ ಕಿತ್ತುಕೊಂಡರೆ ತಾಯಿ ಕೆಲವೇ ವಾರದಲ್ಲಿ ಮತ್ತೆ ಬೆದೆಗೆ ಬರುತ್ತದೆ. ನಮ್ಮಜ್ಜಿಗೆ ಇದನ್ನು ಒಂದೇ ಮಾತಲ್ಲಿ ಹೇಳಬಹುದಿತ್ತು. ಗಬ್ಬ ಸುಮಾರು 110 ದಿನ. ಲೆಕ್ಕ ನೀವೇ ಹಾಕಿ.

ಕಿತ್ತುಕೊಂಡ ಮರಿಗೆ ಹಾಲು ಕುಡಿಸೋಕೆ ಆಳು ಬೇಕು. ಸಂಬಳ ಕೊಡುವ ಬದಲು ಆಳಿನ ಕೈಯಿಂದಲೇ ಸಂಬಳ ವಸೂಲಿ ಮಾಡುವ ವಿದ್ಯೆ ಕಂಡುಹಿಡಿದವನಿಗೆ ಅರ್ಥಶಾಸ್ತ್ರದ ನೊಬೆಲ್ ಕೊಡಬೇಕು. ನಮ್ಮ ಬೆಂಗಳೂರಿನ ಸ್ಟಾರ್ಟಪ್‌ಗಳು ಇಂಟರ್ನ್‌ಗಳನ್ನು ಬಿಟ್ಟಿ ದುಡಿಸುವ ಮಟ್ಟಕ್ಕಷ್ಟೇ ಬಂದಿವೆ. ಮರಿ ಸ್ವಲ್ಪ ದೊಡ್ಡದಾದರೆ ‘ಸಿಂಹದ ಜೊತೆ ವಾಕಿಂಗ್’, ಅದಕ್ಕೆ ಬೇರೆ ಟಿಕೆಟ್. ಇನ್ನೂ ಬೆಳೆದು ಮುಟ್ಟೋಕೆ ಅಪಾಯ ಅನಿಸಿದಾಗ ಬೇಟೆಗಾರ ಬರುತ್ತಾನೆ, ವಿದೇಶದಿಂದಲೇ. ಬೇಲಿಯೊಳಗೆ ಬಿಟ್ಟ ಸಿಂಹ, ಮನುಷ್ಯನ ಕೈಯಲ್ಲಿ ಹಾಲು ಕುಡಿದದ್ದು, ಜೀಪಿನ ಸದ್ದು ಕೇಳಿದರೆ ಊಟ ಬಂತು ಅಂತ ತಿರುಗಿ ನೋಡುವಂಥದು. ಅದಕ್ಕೆ ಗುಂಡು. ತಲೆ ಅವನ ಹಾಲ್‌ನ ಗೋಡೆಗೆ. ಮೂಳೆ ಏಷ್ಯಾದ ಔಷಧಿ ಬಜಾರಿಗೆ. 2017ರಲ್ಲಿ ಅಲ್ಲಿನ ಸರ್ಕಾರವೇ ವರ್ಷಕ್ಕೆ 800 ಅಸ್ಥಿಪಂಜರ ರಫ್ತು ಮಾಡಬಹುದು ಅಂತ ಕೋಟಾ ಇಟ್ಟಿತ್ತು. ಪ್ರಾಣಿಗಳ ಹಿತವನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ, ಈ ಕೋಟಾ ಕಾನೂನುಬಾಹಿರ ಅಂತ 2019ರಲ್ಲಿ ಹೈಕೋರ್ಟ್ ಹೇಳಬೇಕಾಯಿತು. 2021ರಲ್ಲಿ ಮಂತ್ರಿಣಿಯೊಬ್ಬರು ಇದನ್ನೆಲ್ಲ ನಿಲ್ಲಿಸುತ್ತೇವೆ ಅಂದರು. ಆಮೇಲೆ ಸಮಿತಿ, ಕಾರ್ಯಪಡೆ, ‘ಸ್ವಯಂಪ್ರೇರಿತ ನಿರ್ಗಮನ’, ಅಂದರೆ ವ್ಯಾಪಾರಿಗಳು ತಾವಾಗಿಯೇ ಬಿಟ್ಟುಬಿಡಲಿ ಅಂತ. ಸರ್ಕಾರಿ ಕಡತ ಹೇಗೆ ನಡೆಯುತ್ತದೆ ಅಂತ ಕನ್ನಡಿಗರಿಗೆ ಹೇಳಿಕೊಡಬೇಕಾಗಿಲ್ಲ.

ಹಾಲು ಕುಡಿಸಿದವರೂ ದುಡ್ಡು ಕೊಟ್ಟರು, ಕೊಂದವನೂ ದುಡ್ಡು ಕೊಟ್ಟ. ಇಬ್ಬರದೂ ಒಂದೇ ಗಲ್ಲಾಪೆಟ್ಟಿಗೆಗೆ. ತಮಾಷೆ ಬರೆಯೋಣ ಅಂತಲೇ ಕೂತವನು ನಾನು. ಆದರೆ ಇದು ಅಸಹ್ಯ ಕಣ್ರೀ. ಹತ್ತೊಂಬತ್ತು ವರ್ಷದ ಹುಡುಗನಿಗೆ ಪ್ರಾಣಿ ಅಂದರೆ ನಿಜವಾಗಿ ಪ್ರೀತಿ. ಆ ಪ್ರೀತಿಗೇ ಬೆಲೆಚೀಟಿ ಅಂಟಿಸಿ, ಅವನ ಕೈಯಿಂದಲೇ ತಾಯಿ ಮರಿಯನ್ನು ಬೇರೆ ಮಾಡುವ ಕೆಲಸ ಮಾಡಿಸಿ, ಸರ್ಟಿಫಿಕೇಟ್ ಕೊಟ್ಟು ಕಳಿಸುತ್ತಾರೆ. ಅದಕ್ಕೆ ‘ಸಂರಕ್ಷಣೆ’ ಅಂತ ಹೆಸರು. ಮನುಷ್ಯನ ಮಡಿಲಲ್ಲಿ ಬೆಳೆದ ಸಿಂಹವನ್ನು ಕಾಡಿಗೆ ಬಿಡೋಕಾಗಲ್ಲ ಅಂತ ಹೇಳೋಕೆ ಯಾವ ವಿಜ್ಞಾನಿಯೂ ಬೇಡ.

ಥಾಯ್ಲೆಂಡಿನದು ಇನ್ನೊಂದು ಥರ. ಕಾಂಚನಾಬುರಿಯ ಹುಲಿ ದೇವಸ್ಥಾನ ನೆನಪಿದೆಯಲ್ಲ? ಕಾವಿ ತೊಟ್ಟ ಭಿಕ್ಷುಗಳು, ಪಕ್ಕದಲ್ಲಿ ತೂಕಡಿಸುವ ಹುಲಿ, ಅದರ ಬಾಲ ಹಿಡಿದುಕೊಂಡ ಪ್ರವಾಸಿ. ಅಲ್ಲೂ ವಿದೇಶಿ ಸ್ವಯಂಸೇವಕರಿದ್ದರು. 2016ರಲ್ಲಿ ಅಧಿಕಾರಿಗಳು ನುಗ್ಗಿ 137 ಹುಲಿಗಳನ್ನು ಹೊರಗೆ ತಂದರು. ಅಡುಗೆಮನೆ ಕಡೆಯ ಫ್ರೀಜರ್ ತೆಗೆದರೆ ಸತ್ತ ಮರಿಗಳು, ನಲವತ್ತು. ಈ ಸುದ್ದಿಗೆ ಸೇರಿಸೋಕೆ ನನ್ನ ಹತ್ತಿರ ಜೋಕಿಲ್ಲ.

ಇನ್ನು ಪಶುವೈದ್ಯದ ಪ್ಯಾಕೇಜು. ‘ಕೈಯಾರೆ ಚಿಕಿತ್ಸೆ ಮಾಡಿ, ಮೊದಲಿನ ಅನುಭವ ಬೇಕಿಲ್ಲ’ ಅಂತ ಜಾಹೀರಾತು. ನಮ್ಮಲ್ಲಿ ಪಶುವೈದ್ಯ ಪದವಿಗೆ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಬೀದರಿನಲ್ಲೋ ಹೆಬ್ಬಾಳದಲ್ಲೋ ಓದುವ ಪೆದ್ದುಮಕ್ಕಳು ಅಷ್ಟು ವರ್ಷ ಯಾಕೆ ಒದೆ ತಿನ್ನುತ್ತಾರೋ, ಎರಡು ವಾರದಲ್ಲಿ ಆಗುವ ಕೆಲಸಕ್ಕೆ. ಹಜಾಮತಿ ಕಲಿಯುವವನಿಗೂ ಮೊದಲ ದಿನವೇ ಕತ್ತಿ ಕೊಡುವುದಿಲ್ಲ. ನಾಯಿಯ ಹೊಟ್ಟೆ ಮಾತ್ರ ಯಾರಿಗೂ ಬಿಟ್ಟಿ.

ಎಲ್ಲರೂ ಕಳ್ಳರು ಅಂತಲ್ಲ. ಪಕ್ಕದ ಗೋವಾದಲ್ಲಿ ಬೀದಿನಾಯಿಗಳಿಗೆ ರೇಬೀಸ್ ಲಸಿಕೆ ಹಾಕೋಕೆ ಹೊರದೇಶದ ಪಶುವೈದ್ಯರೂ ಸ್ವಯಂಸೇವಕರೂ ಬಂದು, ಬಿಸಿಲಲ್ಲಿ ಬಲೆ ಹಿಡಿದು ಗಲ್ಲಿ ಗಲ್ಲಿ ಓಡಿದ್ದಾರೆ. ಅಲ್ಲಿ ಮುದ್ದು ಮಾಡೋಕೆ ಪುರುಸೊತ್ತಿಲ್ಲ. ಹುಡುಗನಿಗೆ ಹೇಳಿದೆ, ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಅಲ್ಲಿರ್ತೀಯಾ ಅಂತ. ‘ನಾಯಿನಾ ಅಂಕಲ್?’ ಅಂದ. ನಮ್ಮ ಕ್ರಾಸಿನಲ್ಲೇ ಹದಿನಾಲ್ಕಿವೆ. ಎಲ್ಲವೂ ಅನಾಥ, ಅದರಲ್ಲಿ ಸುಳ್ಳಿಲ್ಲ. ಒಂದಕ್ಕೂ ಹೆಸರಿಟ್ಟಿಲ್ಲ ಅವನು.

ಮೊನ್ನೆ ಲಿಫ್ಟಿನಲ್ಲಿ ಸಿಕ್ಕಿದ. ಆ ಸಂಸ್ಥೆಯಿಂದ ಮೇಲ್ ಬಂದಿದೆಯಂತೆ. ಈ ಸೀಸನ್ನಿಗೆ ಹೊಸ ಅನಾಥ ಮರಿಗಳು ಬಂದಿವೆ, ಹಳೆಯ ಸ್ವಯಂಸೇವಕರಿಗೆ ಹತ್ತು ಪರ್ಸೆಂಟ್ ರಿಯಾಯಿತಿ.

‘ಪುಟ್ಟ ಹೇಗಿದಾನೆ?’ ಅಂದೆ.

‘ದೊಡ್ಡೋನಾಗಿದಾನೆ ಅಂಕಲ್. ಬೇರೆ ರಿಸರ್ವ್‌ಗೆ ಕಳಿಸಿದ್ರಂತೆ.’

‘ಯಾವುದು?’

‘ಕೇಳ್ದೆ. ಅದನ್ನ ಹೇಳೋ ಹಾಗಿಲ್ವಂತೆ. ಪ್ರೈವಸಿ.’