ಹೋಗಿಬನ್ನಿ ಆರ್‌ಇಎಂ
ಡ್ರಮ್ಮರ್ ಬಿಲ್ ಬೆರ್ರಿ 1997ರಲ್ಲಿ ಬಿಟ್ಟು ಹೋದಾಗ್ಲೇ ಅಮೆರಿಕದ ರಾಕ್ ಬ್ಯಾಂಡ್ ಆರ್‌ಇಎಂ ನಿಲ್ಲಿಸ್ಬೇಕಿತ್ತು, 2011ರ ತನಕ ಎಳೆದಿದ್ದು ತಪ್ಪು ಅಂತ ಕೆಲವ್ರು ಹೇಳ್ತಾರಲ್ಲ, ನಾನಂತೂ ಒಪ್ಪಲ್ಲ. 1995ರಲ್ಲಿ ಸ್ವಿಟ್ಜರ್ಲೆಂಡಲ್ಲಿ ಸ್ಟೇಜ್ ಮೇಲೇ ಮೆದುಳಿನ ರಕ್ತನಾಳದ ತೊಂದ್ರೆಯಿಂದ ಕುಸಿದು ಬದುಕಿ ಬಂದ ಮನುಷ್ಯ ಅವ್ರು, ಬಿಡೋವಾಗ್ಲೂ ನಾನು ಹೋದ್ರೆ ಬ್ಯಾಂಡ್ ನಿಲ್ಲತ್ತೆ ಅನ್ನೋದಾದ್ರೆ ಹೋಗಲ್ಲ ಅಂದಿದ್ರು, ಉಳಿದ ಮೂವರು ಆ ಮಾತು ಉಳಿಸ್ಕೊಂಡ್ರು ಅಷ್ಟೇ. 1980ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಅಥೆನ್ಸಲ್ಲಿ ಸೇರಿದ ಈ ಹುಡುಗ್ರು ಹಾಡು ಯಾರಿಗೆ ಹೊಳೆದ್ರೂ ಕ್ರೆಡಿಟ್ಟಲ್ಲಿ ನಾಲ್ಕೂ ಹೆಸ್ರು ಹಾಕ್ತಿದ್ರು (ದುಡ್ಡಿಗೆ ಕಿತ್ತಾಡಿ ಒಡೆದ ಬ್ಯಾಂಡ್‌ಗಳು ಎಷ್ಟಿಲ್ಲ ಹೇಳಿ!). ಶುರುವಿನ ಆಲ್ಬಮ್‌ಗಳಲ್ಲಿ ಗಾಯಕ ಮೈಕಲ್ ಸ್ಟೈಪ್ ಗೊಣಗೋದು ಅರ್ಧಕ್ಕರ್ಧ ಅರ್ಥ ಆಗಲ್ಲ, ಆದ್ರೆ ಪೀಟರ್ ಬಕ್ ಗಿಟಾರ್ ತಂತಿಗಳನ್ನ ಒಂದೊಂದಾಗಿ ಮೀಟ್ತಾ ಹೋಗ್ವಾಗ ಹಿಂದಿಂದ ಬೇಸ್ ಗಿಟಾರ್ ನುಡಿಸೋ ಮೈಕ್ ಮಿಲ್ಸ್ ದನಿ ಮೇಲೆದ್ದು ಬರತ್ತಲ್ಲ, ಆಗ ಎದೆ ತುಂಬಿ ಬರತ್ತೆ, ಈಗ್ಲೂ. 2011ರ ಸೆಪ್ಟೆಂಬರ್ 21ಕ್ಕೆ ಜಗಳ ಇಲ್ದೆ, ಕೋರ್ಟು ಕಚೇರಿ ಇಲ್ದೆ, ಗೆಳೆಯರಾಗೇ ಮುಗಿಸಿದ್ರು. ಸುದ್ದಿ ಓದಿ ಅತ್ತುಬಿಟ್ಟಿದ್ದೆ, ಆದ್ರೂ ಒಂದು ಸಲವೂ ಕೋಪ ಬರ್ಲಿಲ್ಲ ಅವ್ರ ಮೇಲೆ. ಥ್ಯಾಂಕ್ಸ್ ಕಣ್ರಪ್ಪಾ, ನಾಲ್ವರಿಗೂ.