ಅಥವಾ ಸದ್ಯ ಇಲ್ಲಿರುವವರಿಗೆ

ನಿನ್ನೆಯೂ ಅಂಚೆಯಲ್ಲಿ ಒಂದು ಬಣ್ಣದ ಜಾಹೀರಾತು ಕಾರ್ಡ್ ಬಂದಿತ್ತು. ಅದರ ಮೇಲೆ ಈ ಮನೆಯನ್ನು ನಮಗೆ ಮಾರಿ ಹೋದವರ ಹೆಸರು. ಹೆಸರಿನ ಪಕ್ಕದಲ್ಲೇ ‘ಆರ್ ಕರೆಂಟ್ ರೆಸಿಡೆಂಟ್’. ಅಂದರೆ, ಇವರು ಸಿಗದಿದ್ದರೆ ಸದ್ಯ ಯಾರಿದ್ದೀರೋ ನೀವೇ ಓದಿಕೊಳ್ಳಿ. ಅಮೆರಿಕದಲ್ಲಿ ಮನೆ ಮಾಡಿದವರಿಗೆಲ್ಲ ಈ ಸಾಲು ಬಾಯಿಪಾಠ. ತಿಂಗಳು ತಿಂಗಳು ಕಂತು ಕಟ್ಟುವ ನಾನು ಈ ಮನೆಯ ಯಜಮಾನ ಅಂದುಕೊಂಡಿದ್ದೆ. ಅಲ್ಲವಂತೆ. ಸದ್ಯಕ್ಕೆ ಇದ್ದೇನೆ, ಅಷ್ಟೆ. ವೇದಾಂತ ಪುಕ್ಕಟೆಯಾಗಿ ಮನೆ ಬಾಗಿಲಿಗೆ ಬರುತ್ತದೆ.

ಈ ‘ಯಾರಾದರೂ ಸರಿ’ಗಾಗಿ ನಡೆಯುವ ತಪಸ್ಸು ನೋಡಬೇಕು ನೀವು. ಕಂತೆ ಕಂತೆ ಕಾಗದ ಕಳಿಸುವ ಕಂಪನಿಗಳ ಹತ್ತಿರ ವಿಳಾಸ ತಿದ್ದುವ ಸಾಫ್ಟ್‌ವೇರ್ ಇರುತ್ತದೆ. ಅದಕ್ಕೆ ಅಂಚೆ ಇಲಾಖೆಯದೇ ಪರೀಕ್ಷೆ, ಹೆಸರು ಕ್ಯಾಸ್. 9 ಅಂಕಿಯ ಜಿಪ್ ಕೋಡ್, ಅಂದರೆ ಇಲ್ಲಿನ ಪಿನ್ ಕೋಡ್, ಹುಡುಕುವುದರಲ್ಲಿ ನೂರಕ್ಕೆ 98.5 ತೆಗೆಯಲೇಬೇಕು. 35ರಲ್ಲಿ ಪಾಸಾಗಿ ಬಂದ ನನ್ನಂಥವನಿಗೆ ಎದ್ದು ನಿಂತು ಕೈ ಮುಗಿಯುವ ಅನಿಸುತ್ತದೆ. ಅದು ‘ಸ್ಟ್ರೀಟ್’ ಇದ್ದಲ್ಲಿ ‘ಎಸ್‌ಟಿ’ ಹಾಕುತ್ತದೆ. ಅಲ್ಪವಿರಾಮ ಕಂಡರೆ ಕಿತ್ತೆಸೆಯುತ್ತದೆ. ಎಲ್ಲವನ್ನೂ ದೊಡ್ಡಕ್ಷರ ಮಾಡುತ್ತದೆ, ಕಿವಿ ಕೇಳದವರನ್ನು ಕೂಗಿ ಕರೆದ ಹಾಗೆ. ಆಮೇಲೆ ಪೋಸ್ಟ್‌ಮ್ಯಾನ್ ಸುತ್ತುವ ದಾರಿಯ ಕ್ರಮದಲ್ಲೇ ಕಾಗದ ಜೋಡಿಸುವ ಕೆಲಸವೂ ಇದೆ. ಇಷ್ಟು ಮಾಡಿದರೆ ಅಂಚೆ ದರದಲ್ಲಿ ರಿಯಾಯಿತಿ. ಈ ಭಕ್ತಿ ಎಲ್ಲಿಂದ ಬಂತು ಅಂತ ಗೊತ್ತಾಯ್ತಲ್ವಾ?

ಇದರಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ಸುಳ್ಳು ಮನೆಗಳು. ವಿಳಾಸ ನಿಜವಾಗಿ ಇದೆಯೇ ಎಂದು ನೋಡಲು ಒಂದು ದೊಡ್ಡ ಪಟ್ಟಿ ಇದೆ. ಅದರೊಳಗೆ ಇಲಾಖೆಯೇ ಕೆಲವು ಇಲ್ಲದ ವಿಳಾಸಗಳನ್ನು ಬಚ್ಚಿಟ್ಟಿದೆ. ಬಾಯಿಗೆ ಬಂದ ನಂಬರ್ ಹಾಕಿ ಹಾಕಿ ಇಲಾಖೆಯ ಪಟ್ಟಿಯನ್ನೇ ಕದಿಯಲು ಹೊರಟವರು ಅಲ್ಲಿ ಎಡವುತ್ತಾರೆ. ಎಡವಿದ ತಕ್ಷಣ ಸಾಫ್ಟ್‌ವೇರ್‌ನ ಆ ಭಾಗ ಬಾಗಿಲು ಹಾಕಿಕೊಳ್ಳುತ್ತದೆ. ಯಾರೂ ವಾಸವಿಲ್ಲದ ಆ ಮನೆಗಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಇಡೀ ದೇಶದಲ್ಲಿ ಕ್ರೆಡಿಟ್ ಕಾರ್ಡ್ ಆಫರ್ ಬರದ ಜಾಗ ಅವು ಮಾತ್ರ ಇರಬೇಕು. ಒಂದು ಬಾಡಿಗೆಗೆ ಸಿಕ್ಕರೆ ನಾಳೆಯೇ ಸಾಮಾನು ಕಟ್ಟುತ್ತೇನೆ.

ಮನೆ ಬಿಟ್ಟು ಹೋದವರನ್ನು ಹಿಡಿಯಲೂ ಪಟ್ಟಿ ಇದೆ. ಅದರಲ್ಲಿ 48 ತಿಂಗಳ ವಿಳಾಸ ಬದಲಾವಣೆಗಳಿರುತ್ತವೆ. ರಿಯಾಯಿತಿ ಬೇಕಾದರೆ ಕಾಗದ ಕಳಿಸುವ ಮೊದಲಿನ 95 ದಿನದೊಳಗೆ ವಿಳಾಸಗಳನ್ನು ಪರಿಶೀಲಿಸಿರಬೇಕು. ಕಟ್ಟುನಿಟ್ಟಿನ ನಿಯಮ. ಆದರೆ ಹೆಸರಿನ ಪಕ್ಕ ‘ಆರ್ ಕರೆಂಟ್ ರೆಸಿಡೆಂಟ್’ ಅಂತ ಸೇರಿಸಿಬಿಟ್ಟರೆ ಆ ನಿಯಮ ಲಾಗೂ ಆಗುವುದಿಲ್ಲ! ಮೂರೇ ಪದ. ಯಾರು ಹೋದರು, ಯಾರು ಬಂದರು, ಯಾರಿಗೂ ಬೇಡ.

ಅಲ್ಲದೆ ಮನೆ ಬಿಟ್ಟು ಹೋದವರ ಆ ಪಟ್ಟಿಗೆ ಸೇರಲು, ವಿಳಾಸ ಬದಲಾಯಿತೆಂದು ತಿಳಿಸುವ 3575ನೇ ನಮೂನೆಯ ಫಾರ್ಮನ್ನು ಯಾರಾದರೂ ತುಂಬಿ ಕೊಟ್ಟಿರಬೇಕು. ಸತ್ತವರು ಫಾರ್ಮ್ ತುಂಬುವುದಿಲ್ಲ. ನಮ್ಮ ಪಕ್ಕದ ಮನೆಯ ಅಜ್ಜಿಯ ಗಂಡ ತೀರಿಕೊಂಡು ಎರಡು ವರ್ಷವಾಯಿತು. ಶ್ರವಣ ಯಂತ್ರ ಮಾರುವ ಕಂಪನಿಯೊಂದು ಇನ್ನೂ ಅವರ ಹೆಸರಿಗೆ ಕಾಗದ ಕಳಿಸುತ್ತಿದೆ. 9 ಅಂಕಿಯೂ ಸರಿ, ಅಲ್ಪವಿರಾಮವೂ ಇಲ್ಲ. ಅಜ್ಜಿ ಮೂರು ಸಲ ಫೋನ್ ಮಾಡಿದರು. ಮೂರು ಸಲವೂ ಒಂದೇ ಉತ್ತರ: ‘ಸಿಸ್ಟಂನಲ್ಲಿ ವಿಳಾಸ ಸರಿಯಾಗಿಯೇ ಇದೆ, ಮೇಡಂ.’

ಸರಿಯಾಗಿದೆಯಪ್ಪಾ, ಯಾರು ಇಲ್ಲ ಅಂದರು? ಮನುಷ್ಯ ಇಲ್ಲ ಅಂತ ಆಕೆ ಹೇಳುತ್ತಿದ್ದಾರೆ. ಅಲ್ಪವಿರಾಮ ಅಳಿಸಲು ಬರುತ್ತದೆ, ಒಂದು ಹೆಸರು ಅಳಿಸಲು ಬರುವುದಿಲ್ಲವೇ? ಬರೆದೂ ಬರೆದೂ ನನಗೂ ಸಾಕಾಗಿದೆ.

ಮೊನ್ನೆ ಅಜ್ಜಿ ಬೇಲಿಯ ಆಚೆಯಿಂದ ಹೊಸ ಕಾರ್ಡ್ ಕೊಟ್ಟರು. ಕೊನೆಗೂ ದೂರು ಮುಟ್ಟಿತ್ತೇನೋ. ಗಂಡನ ಹೆಸರು ಹಾಗೆಯೇ ಇತ್ತು, ಪಕ್ಕದಲ್ಲಿ ಆ ಮೂರು ಪದ ಹೊಸದಾಗಿ ಸೇರಿದ್ದವು.

‘ಇದು ಈಗ ನನಗೇ ಬಂದಿದ್ದು ಅಂತ ತಾನೆ?’ ಅಂದರು.